ಕೊಡದ ರನ್ನಿನ ಲೆಕ್ಕ

ರನ್ ಹೊಡೆದವರಿಗೂ ಬುಟ್ಟಿಗೆ ಚೆಂಡು ಹಾಕಿದವರಿಗೂ ಚಪ್ಪಾಳೆ ಸಿಗುತ್ತದೆ. ಎದುರಾಳಿಯ ಕೈ ಕಟ್ಟಿ ನಿಲ್ಲಿಸಿದವರಿಗೆ ಏನು ಸಿಗುತ್ತದೆ? ವಿಜಯಪುರದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ ಅವರ ಆಟದ ಬದುಕನ್ನು ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಬೇರೆಯದೇ ಲೆಕ್ಕ ತೆರೆದುಕೊಳ್ಳುತ್ತದೆ.

2017ರ ಜುಲೈ 15. ಇಂಗ್ಲೆಂಡಿನ ಡರ್ಬಿಯಲ್ಲಿ ಮಹಿಳೆಯರ ವಿಶ್ವಕಪ್‌ನ ಕೊನೆಯ ಲೀಗ್ ಪಂದ್ಯ. ಭಾರತ, ನ್ಯೂಜಿಲೆಂಡ್ ಎದುರುಬದುರು. ಗೆದ್ದವರು ಸೆಮಿಫೈನಲ್‌ಗೆ, ಸೋತವರು ಊರಿಗೆ. ಅಲ್ಲಿಯವರೆಗಿನ ಆರು ಪಂದ್ಯಗಳನ್ನು ಹೊರಗೆ ಕುಳಿತು ನೋಡಿದ್ದ ಎಡಗೈ ಸ್ಪಿನ್ನರ್ ಒಬ್ಬರಿಗೆ ಅಂದು ಹನ್ನೊಂದರ ಬಳಗದಲ್ಲಿ ಜಾಗ ಸಿಕ್ಕಿತು. ನಾಯಕಿ ಮಿಥಾಲಿ ರಾಜ್ 109 ಹೊಡೆದರು. ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ಚಚ್ಚಿದರು. ಭಾರತ 265 ಗಳಿಸಿತು. ಬೆನ್ನಟ್ಟಿದ ನ್ಯೂಜಿಲೆಂಡ್ 79ಕ್ಕೇ ಆಲೌಟ್. ವಿಜಯಪುರದಿಂದ ಹೋದ ಆ ಸ್ಪಿನ್ನರ್, ರಾಜೇಶ್ವರಿ ಗಾಯಕವಾಡ, 7.3 ಓವರ್ ಎಸೆದು 15 ರನ್ ಕೊಟ್ಟು 5 ವಿಕೆಟ್ ಕಿತ್ತಿದ್ದರು.

ಮಾರನೆಯ ದಿನದ ಪತ್ರಿಕೆಗಳ ತಲೆಬರಹದಲ್ಲಿ ಶತಕವೂ ಇತ್ತು, ಐದು ವಿಕೆಟ್ಟೂ ಇತ್ತು. ಆ 15 ರನ್ನಿನ ಕಡೆ ಕಣ್ಣು ಹಾಯಿಸಿದವರು ಕಡಿಮೆ. 7.3 ಓವರ್ ಎಂದರೆ 45 ಎಸೆತ. ಬಂದ ರನ್ನೆಲ್ಲ ಒಂಟಿ ರನ್ನೇ ಎಂದು ಹಿಡಿದರೂ ಕನಿಷ್ಠ 30 ಎಸೆತಗಳಲ್ಲಿ ಎದುರಾಳಿಗೆ ಏನೂ ಸಿಕ್ಕಿಲ್ಲ. ಐದು ವಿಕೆಟ್ ಬಿದ್ದದ್ದು ಈ ಮೂವತ್ತು ಖಾಲಿ ಎಸೆತಗಳು ಕಟ್ಟಿದ ಒತ್ತಡದಿಂದ. ಆದರೂ ಸ್ಕೋರ್‌ಕಾರ್ಡಿನಲ್ಲಿ ವಿಕೆಟ್ಟಿಗೊಂದು ಸಾಲಿದೆ, ಖಾಲಿ ಎಸೆತಕ್ಕೆ ಸಾಲಿಲ್ಲ.

ಆಟದಲ್ಲಿ ಎರಡು ಬಗೆಯ ಕೆಲಸಗಾರರಿರುತ್ತಾರೆ. ಒಬ್ಬರು ಕೂಡಿಸುವವರು, ಇನ್ನೊಬ್ಬರು ಕಳೆಯುವವರು. ಕೂಡಿಸಿದ್ದು ಬೋರ್ಡಿನ ಮೇಲೆ ಕಾಣುತ್ತದೆ. ಕಳೆದದ್ದು ಎದುರಾಳಿಯ ಲೆಕ್ಕದಲ್ಲಿ ಸೋರಿಹೋಗಿರುತ್ತದೆ, ಇಲ್ಲದ್ದನ್ನು ಎಣಿಸುವುದು ಕಷ್ಟ. ರಾಜೇಶ್ವರಿ ಎರಡನೆಯ ಬಗೆಯವರು.

ಕೋರ್ಟಿನಲ್ಲಿ ಎಂಟು ಸೆಕೆಂಡು

ಈ ಕೆಲಸ ಎಷ್ಟು ಕಾಣದಂಥದ್ದು ಎಂಬುದನ್ನು ಬ್ಯಾಸ್ಕೆಟ್‌ಬಾಲ್ ನೋಡಿದವರು ಬೇಗ ಹಿಡಿಯುತ್ತಾರೆ. ಕಾಲೇಜು ಪಂದ್ಯವನ್ನೇ ತೆಗೆದುಕೊಳ್ಳಿ. ಪ್ರತಿ ತಂಡದಲ್ಲಿ ಐವರು, ಅವರಲ್ಲಿ ಸಾಮಾನ್ಯವಾಗಿ ಇಬ್ಬರು ಗಾರ್ಡ್‌ಗಳು. ಎತ್ತರದಲ್ಲಿ ಗಿಡ್ಡ, ಕಾಲು ಚುರುಕು, ಚೆಂಡು ತಟ್ಟುತ್ತ ಮುಂದೆ ತರುವ ಹೊಣೆ ಇವರದು. ಎದುರು ತಂಡದ ಗಾರ್ಡ್ ಚೆಂಡು ತರುವಾಗ ಅವಳ ಮುಂದೆ ನಿಲ್ಲಬೇಕಾದವಳೂ ಇನ್ನೊಬ್ಬ ಗಾರ್ಡೇ. ಕೆಲವರು ಬುಟ್ಟಿಗೆ ಹಾಕುವುದರಲ್ಲಿ ನಿಪುಣರು. ಇನ್ನು ಕೆಲವರ ಇಡೀ ಮನಸ್ಸು ತಡೆಯುವುದರ ಮೇಲಿರುತ್ತದೆ.

ತಡೆಯುವವಳನ್ನು ಹತ್ತಿರದಿಂದ ನೋಡಿ. ಮೊಣಕಾಲು ಮಡಚಿ ಸೊಂಟ ತಗ್ಗಿಸಿದ್ದಾಳೆ, ತೋಳು ಅಗಲಿಸಿದ್ದಾಳೆ. ಅವಳ ಕಣ್ಣು ಚೆಂಡಿನ ಮೇಲಿಲ್ಲ, ಎದುರಾಳಿಯ ಹೊಟ್ಟೆಯ ನೇರಕ್ಕಿದೆ. ಕೈ, ಕಣ್ಣು, ಹೆಗಲು ಮೋಸ ಮಾಡಬಹುದು, ಸೊಂಟ ಹೋದ ಕಡೆಗೇ ಮೈ ಹೋಗಬೇಕು. ಕಾಲು ಕತ್ತರಿ ಹಾಕದೆ ಜಾರಿಸುತ್ತ ಪಕ್ಕಕ್ಕೆ ಸರಿಯುತ್ತಾಳೆ. ಬಲಗೈ ಆಟಗಾರ್ತಿಯನ್ನು ಎಡಕ್ಕೆ ದೂಡುತ್ತಾಳೆ, ಮುಟ್ಟುವುದಿಲ್ಲ, ದಾರಿ ಮುಚ್ಚುತ್ತಾಳೆ ಅಷ್ಟೆ. ಅಂತರರಾಷ್ಟ್ರೀಯ ನಿಯಮದಂತೆ ತನ್ನ ಅರ್ಧ ಅಂಕಣ ದಾಟಲು ತಂಡಕ್ಕಿರುವುದು 8 ಸೆಕೆಂಡು, ಬುಟ್ಟಿಯತ್ತ ಎಸೆಯಲು ಒಟ್ಟು 24 ಸೆಕೆಂಡು. ಈಕೆ ಮೊದಲ ಏಳು ಸೆಕೆಂಡನ್ನು ತಿಂದುಹಾಕಿದರೆ ಎದುರು ತಂಡ ತನ್ನ ಯೋಜನೆಯನ್ನು ಉಳಿದ ಹದಿನೇಳರಲ್ಲೇ ಮುಗಿಸಬೇಕು. ಕೊನೆಗೆ ಯಾರೋ ಅವಸರದಲ್ಲಿ ದೂರದಿಂದ ಎಸೆಯುತ್ತಾರೆ, ಚೆಂಡು ರಿಂಗಿಗೆ ತಾಗಿ ಹೊರಬೀಳುತ್ತದೆ. ಹಾಳೆಯಲ್ಲಿ ದಾಖಲಾಗುವುದು ಎಸೆದವಳ ವೈಫಲ್ಯ, ರೀಬೌಂಡ್ ಹಿಡಿದವಳ ಹೆಸರು. ಏಳು ಸೆಕೆಂಡು ತಿಂದವಳ ಹೆಸರು ಎಲ್ಲಿಯೂ ಬರುವುದಿಲ್ಲ.

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಹುಟ್ಟುಹಾಕಿದ ಆಟ ಇದು. ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎ 1946ರಿಂದ ನಡೆಯುತ್ತಿದ್ದರೂ ಎದುರಾಳಿಯಿಂದ ಚೆಂಡು ಕಸಿದದ್ದನ್ನು ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದು 1973-74ರಲ್ಲಿ. ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಎಂಬ ಪ್ರಶಸ್ತಿ ಬಂದದ್ದು 1982-83ರಲ್ಲಿ. ಮೊದಲ ಎರಡು ವರ್ಷ ಅದನ್ನು ಗೆದ್ದವರು ಒಬ್ಬ ಗಾರ್ಡ್, ಅರ್ಕನ್ಸಾ ವಿಶ್ವವಿದ್ಯಾಲಯದಲ್ಲಿ ಆಡಿ ಬಂದ ಸಿಡ್ನಿ ಮಾನ್‌ಕ್ರೀಫ್. 1996ರಲ್ಲಿ ಗ್ಯಾರಿ ಪೇಟನ್ ಗೆದ್ದ ಮೇಲೆ ಇನ್ನೊಬ್ಬ ಗಾರ್ಡ್‌ಗೆ ಆ ಪ್ರಶಸ್ತಿ ಸಿಕ್ಕಿದ್ದು 2022ರಲ್ಲಿ, ಮಾರ್ಕಸ್ ಸ್ಮಾರ್ಟ್ ಅವರಿಗೆ. ನಡುವಿನ 25 ವರ್ಷ ಪ್ರಶಸ್ತಿಯೆಲ್ಲ ಬುಟ್ಟಿಯ ಕೆಳಗೆ ಚೆಂಡು ತಳ್ಳಿಹಾಕುವ ಎತ್ತರದವರಿಗೆ, ಇಲ್ಲವೇ ಅಂಚಿನಲ್ಲಿ ಆಡುವ ನೀಳಕಾಯರಿಗೆ ಹೋಯಿತು. ತಡೆಯುವವರಲ್ಲೂ ಕಣ್ಣಿಗೆ ಬೀಳುವಂತೆ ತಡೆಯುವವರಿಗೇ ಮಣೆ.

ಎಡಗೈ ಸ್ಪಿನ್ನಿನ ಬಿಗಿ

ಕ್ರಿಕೆಟ್‌ನಲ್ಲಿ ಈ ಗಾರ್ಡ್‌ನ ಕೆಲಸವನ್ನು ಬಹಳ ಕಾಲದಿಂದ ಹೊತ್ತವರು ಎಡಗೈ ಸ್ಪಿನ್ನರ್‌ಗಳು. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ಎದುರು ಬಾಪು ನಾಡಕರ್ಣಿ ಸತತ 21 ಓವರ್ ಮೇಡನ್ ಎಸೆದರು. ಸಾಲಾಗಿ 131 ಎಸೆತಗಳಲ್ಲಿ ಒಂದು ರನ್ನೂ ಇಲ್ಲ. ಇನಿಂಗ್ಸ್ ಮುಗಿದಾಗ ಅವರ ಲೆಕ್ಕ 32 ಓವರ್, 27 ಮೇಡನ್, 5 ರನ್. ವಿಕೆಟ್ ಸೊನ್ನೆ.

ನಮ್ಮ ಉತ್ತರ ಕರ್ನಾಟಕಕ್ಕೆ ಈ ಪರಂಪರೆಯ ಪರಿಚಯ ಗದಗಿನ ಸುನಿಲ್ ಜೋಶಿ ಅವರಿಂದ. 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಅವರು 10 ಓವರ್‌ಗಳಲ್ಲಿ 6 ಮೇಡನ್ ಎಸೆದು, ಬರೀ 6 ರನ್ ಕೊಟ್ಟು 5 ವಿಕೆಟ್ ಪಡೆದರು. ಒಂದು ದಿನದ ಕ್ರಿಕೆಟ್‌ನಲ್ಲಿ ಹತ್ತು ಓವರಿಗೆ ಆರು ರನ್ ಎಂದರೆ ಎದುರಾಳಿಗೆ ಉಸಿರಾಡಲೂ ಬಿಡದ ಆಟ.

ಎಡಗೈ ಸ್ಪಿನ್ನರ್‌ಗೆ ಈ ಕೆಲಸ ಒಗ್ಗುವುದಕ್ಕೆ ಕಾರಣವಿದೆ. ಬಲಗೈ ಬ್ಯಾಟರ್‌ಗೆ ಈ ಚೆಂಡು ಬಿದ್ದು ಹೊರಕ್ಕೆ ಸರಿಯುತ್ತದೆ. ಕಾಲಿನ ಕಡೆ ತಿರುಗಿಸಿ ಒಂಟಿ ರನ್ ಕದಿಯಲು ಹೋದರೆ ತಿರುವಿಗೆ ಎದುರಾಗಿ ಬ್ಯಾಟ್ ಬೀಸಿದಂತೆ. ಹೊರಗಡೆ ಹೊಡೆಯೋಣವೆಂದರೆ ಕವರ್, ಪಾಯಿಂಟ್, ಮಿಡ್‌ಆಫ್‌ನಲ್ಲಿ ಕಾವಲು ಕಾದಿರುತ್ತದೆ. ನಡುನಡುವೆ ತಿರುಗದೆ ನೇರ ನುಗ್ಗುವ ಎಸೆತವೂ ಬರುತ್ತದೆ, ಹಾಗಾಗಿ ಬಿಟ್ಟುಬಿಡಲೂ ಧೈರ್ಯವಿಲ್ಲ.

ಒಂದು ಓವರನ್ನು ಹೀಗೆ ಊಹಿಸಿಕೊಳ್ಳಿ. ಮೊದಲ ಎಸೆತ ಮಧ್ಯದ ಸ್ಟಂಪಿನ ನೇರಕ್ಕೆ. ಬ್ಯಾಟರ್ ಮುಂಗಾಲು ಚಾಚಿ ತಡೆಯುತ್ತಾರೆ, ಚೆಂಡು ಕವರ್‌ನವರ ಕೈಗೆ. ಎರಡನೆಯದು ಅದೇ ಜಾಗ, ತುಸು ವೇಗ, ಮತ್ತೆ ಕವರ್. ಮೂರನೆಯದನ್ನು ಮಿಡ್‌ವಿಕೆಟ್ ಕಡೆ ತಳ್ಳಲು ಹೋದರೆ ಬ್ಯಾಟಿನ ಅಂಚು ಸವರಿ ಪಾಯಿಂಟ್‌ನತ್ತ ಉರುಳುತ್ತದೆ, ರನ್ ಇಲ್ಲ. ಈಗ ಬ್ಯಾಟರ್ ತಲೆ ಎತ್ತಿ ಸ್ಕೋರ್‌ಬೋರ್ಡ್ ನೋಡುತ್ತಾರೆ. ನಾಲ್ಕನೆಯದಕ್ಕೆ ಕ್ರೀಸ್ ಬಿಟ್ಟು ಮುಂದೆ ಬರುತ್ತಾರೆ. ಅದನ್ನು ಮೊದಲೇ ಗ್ರಹಿಸಿದ ಬೌಲರ್ ಚೆಂಡನ್ನು ಗಿಡ್ಡ ಮಾಡಿ ಚಪ್ಪಟೆಯಾಗಿ ಎಸೆದಿರುತ್ತಾರೆ, ಹೊಡೆತ ಬೌಲರ್ ಕೈಗೇ ವಾಪಸು. ಐದನೆಯದಕ್ಕೆ ಹೇಗೋ ಒಂದು ರನ್. ಆರನೆಯದನ್ನು ಜೊತೆಗಾರ ಬ್ಯಾಟರ್ ತಡೆದು ನಿಲ್ಲುತ್ತಾರೆ. ಓವರಿಗೆ ಒಂದು ರನ್, ವಿಕೆಟ್ ಇಲ್ಲ. ಆದರೆ ಮುಂದಿನ ಓವರಿನಲ್ಲಿ ಎದುರು ತುದಿಯಿಂದ ಬಂದ ಬೌಲರ್‌ಗೆ ಆ ಮೊದಲಿನ ಬ್ಯಾಟರ್ ಅವಸರದಿಂದ ಎತ್ತಿ ಹೊಡೆದು ಕ್ಯಾಚ್ ಕೊಟ್ಟರೆ ವಿಕೆಟ್ ಹೋಗುವುದು ಇನ್ನೊಬ್ಬರ ಖಾತೆಗೆ. ಬಿತ್ತಿದವರೊಬ್ಬರು, ಕೊಯ್ದವರೊಬ್ಬರು.

2022ರ ಸೆಪ್ಟೆಂಬರ್ ಹೊತ್ತಿಗೆ ರಾಜೇಶ್ವರಿ 64 ಏಕದಿನ ಪಂದ್ಯಗಳಲ್ಲಿ 99 ವಿಕೆಟ್ ತೆಗೆದಿದ್ದರು. ನೂರಕ್ಕೆ ಒಂದೇ ಕಡಿಮೆ ಎಂದು ಎಲ್ಲರೂ ಗುರುತಿಸುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವ ಸಂಗತಿ ಎಂದರೆ ಅವರು ಓವರಿಗೆ ಸರಾಸರಿ ನಾಲ್ಕು ರನ್ನಿಗೂ ಕಡಿಮೆ ಕೊಟ್ಟರು ಎಂಬುದು. ತಂಡದ ಉಳಿದ ಬೌಲರ್‌ಗಳು ಓವರಿಗೆ ಐದರಂತೆ ಕೊಡುವ ದಿನ ಒಬ್ಬರು ನಾಲ್ಕರೊಳಗೆ ಹಿಡಿದರೆ ಹತ್ತು ಓವರಿನಲ್ಲಿ ಹತ್ತಕ್ಕೂ ಹೆಚ್ಚು ರನ್ ಉಳಿಯುತ್ತದೆ. ಹತ್ತು ರನ್ನಿನ ಬೆಲೆ ಏನೆಂದು ತಿಳಿಯಲು 2017ರ ಅದೇ ವಿಶ್ವಕಪ್‌ನ ಫೈನಲ್ ನೋಡಿದರೆ ಸಾಕು.

ಒಂದೇ ದಿನ, ಎರಡು ಅಂಗಳ

ಜುಲೈ 23, ಲಾರ್ಡ್ಸ್. ಇಂಗ್ಲೆಂಡಿನ ಮೊದಲ ವಿಕೆಟ್ ಜೊತೆಯಾಟ 47ಕ್ಕೆ ಬೆಳೆದಾಗ ಅದನ್ನು ಮುರಿದವರು ರಾಜೇಶ್ವರಿ, ಲಾರೆನ್ ವಿನ್‌ಫೀಲ್ಡ್ ಬೌಲ್ಡ್ ಆದರು. ಆದರೆ ಅಂದು ಅವರ ಬೌಲಿಂಗ್ ಎಂದಿನಷ್ಟು ಬಿಗಿಯಾಗಿರಲಿಲ್ಲ. 10 ಓವರ್‌ಗಳಲ್ಲಿ 49 ರನ್ ಹೋಯಿತು. ಆ ದಿನ ಕಡಿವಾಣ ಹಾಕಿದವರು 10 ಓವರ್‌ಗೆ 23 ರನ್ ಕೊಟ್ಟು 3 ವಿಕೆಟ್ ತೆಗೆದ ಜೂಲನ್ ಗೋಸ್ವಾಮಿ. ಇಂಗ್ಲೆಂಡ್ 228. ಭಾರತ 3 ವಿಕೆಟ್‌ಗೆ 191ರವರೆಗೆ ಬಂದು, ಅಲ್ಲಿಂದ ಕುಸಿದು 219ಕ್ಕೆ ನಿಂತಿತು. ಸೋಲು 9 ರನ್ನಿನದು. ಕೊನೆಯ ಬ್ಯಾಟರ್ ಆಗಿ ಬಂದ ರಾಜೇಶ್ವರಿಯ ಸ್ಟಂಪನ್ನು ಆನ್ಯಾ ಶ್ರಬ್‌ಸೋಲ್ ಉರುಳಿಸುವುದರೊಂದಿಗೆ ಪಂದ್ಯ ಮುಗಿಯಿತು. ಟಿವಿ ಮುಂದೆ ಕುಳಿತಿದ್ದ ದೇಶಕ್ಕೆ ನೆನಪಿನಲ್ಲಿ ಉಳಿದದ್ದು ಆ ಸ್ಟಂಪು. ಎಂಟು ದಿನದ ಹಿಂದಿನ ಮೂವತ್ತು ಖಾಲಿ ಎಸೆತಗಳನ್ನು ಯಾರು ನೆನೆದಾರು?

ಅದೇ ಜುಲೈ 23ರಂದು ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ಶುರುವಾಯಿತು. ಭಾರತ ಎರಡನೇ ದರ್ಜೆಯ ಗುಂಪಿನಲ್ಲಿತ್ತು. ಗೆದ್ದರೆ ಮಾತ್ರ ಜಪಾನ್, ಚೀನಾ, ಆಸ್ಟ್ರೇಲಿಯಾ ಇರುವ ಮೇಲ್ದರ್ಜೆಗೆ ಬಡ್ತಿ. ಜುಲೈ 29ರ ಫೈನಲ್‌ನಲ್ಲಿ ಕಜಕಸ್ತಾನದ ಎದುರು ಗೆದ್ದದ್ದು 75-73ರಲ್ಲಿ, ಅಂದರೆ ಒಂದೇ ಬುಟ್ಟಿಯ ಅಂತರದಲ್ಲಿ. ಎರಡು ಅಂಕದ ಗೆಲುವಿನಲ್ಲಿ ಗೆದ್ದ ಬುಟ್ಟಿ ಯಾವುದು ಎಂದು ತೋರಿಸಬಹುದು. ನಲವತ್ತು ನಿಮಿಷದಲ್ಲಿ ಎದುರಾಳಿ ಹಾಕಲಾಗದೆ ಹೋದ ಬುಟ್ಟಿಗಳಲ್ಲಿ ಯಾವುದು ಪಂದ್ಯ ಗೆಲ್ಲಿಸಿತು ಎಂದು ಬೆರಳು ಮಾಡಿ ತೋರಿಸುವುದು ಆಗದ ಮಾತು. ಒಂದೇ ವಾರ, ಒಂದು ಕಡೆ ಒಂಬತ್ತು ರನ್ನಿಗೆ ಸೋಲು, ಇನ್ನೊಂದು ಕಡೆ ಎರಡು ಅಂಕಕ್ಕೆ ಗೆಲುವು. ಎರಡರಲ್ಲೂ ತೀರ್ಪು ಬಿದ್ದದ್ದು ತಡೆದದ್ದು ಎಷ್ಟು, ಬಿಟ್ಟದ್ದು ಎಷ್ಟು ಎಂಬ ಸಣ್ಣ ವ್ಯತ್ಯಾಸದ ಮೇಲೆ.

ಭರ್ಚಿಯಿಂದ ಚೆಂಡಿಗೆ

ರಾಜೇಶ್ವರಿ ಹುಟ್ಟಿದ್ದು 1991ರ ಜೂನ್ 1ರಂದು, ಆಗಿನ ಬಿಜಾಪುರದಲ್ಲಿ. ತಂದೆ ಶಾಲಾ ಶಿಕ್ಷಕರು. ಮೊದಲು ಕೈಗೆ ಬಂದದ್ದು ಕ್ರಿಕೆಟ್ ಚೆಂಡಲ್ಲ. ಭರ್ಚಿ ಎಸೆತ, ಡಿಸ್ಕಸ್, ವಾಲಿಬಾಲ್ ಹೀಗೆ ಶಾಲಾ ಕಾಲೇಜಿನ ಆಟಗಳಲ್ಲಿ ಬೆಳೆದವರು. ಕ್ರಿಕೆಟ್‌ನತ್ತ ಹೊರಳಿದ್ದು ಹದಿನೆಂಟರ ಆಸುಪಾಸಿನಲ್ಲಿ. ಹತ್ತು ವರ್ಷಕ್ಕೇ ಅಕಾಡೆಮಿ ಸೇರುವ ಈಗಿನ ಮಕ್ಕಳ ಜೊತೆ ಹೋಲಿಸಿದರೆ ಬಹಳ ತಡ.

ಆ ಹೊತ್ತಿಗೆ ಹೆಣ್ಣುಮಕ್ಕಳ ಕ್ರಿಕೆಟ್‌ನ ದಾರಿಯೂ ಸ್ವಲ್ಪ ತೆರೆದಿತ್ತು. 1973ರಲ್ಲಿ ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿ, 1976ರಲ್ಲಿ ಬೆಂಗಳೂರಿನ ಶಾಂತಾ ರಂಗಸ್ವಾಮಿ ನಾಯಕತ್ವದಲ್ಲಿ ದೇಶ ಮೊದಲ ಟೆಸ್ಟ್ ಆಡಿತ್ತು. ಮೂರು ದಶಕ ಕೈಯಿಂದ ಕಾಸು ಹಾಕಿ ಆಡಿದ ತಲೆಮಾರುಗಳ ನಂತರ, 2006ರಲ್ಲಿ ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೆ ಬಂತು. ಜಿಲ್ಲೆಯ ಹುಡುಗಿಗೂ ರಾಜ್ಯ ಸಂಸ್ಥೆಯ ಶಿಬಿರ, ಆಯ್ಕೆ ಪಂದ್ಯಗಳ ಬಾಗಿಲು ತೆರೆಯಿತು. ಆದರೆ ದೂರ ಕಡಿಮೆಯಾಗಲಿಲ್ಲ. ವಿಜಯಪುರದಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ಮಿಗಿಲು. ರಾತ್ರಿಯಿಡೀ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲೋ ಬಸ್ಸಿನಲ್ಲೋ ಕುಳಿತು ಬೆಳಿಗ್ಗೆ ಇಳಿದರೆ ಆಯ್ಕೆಗಾರರ ಮುಂದೆ ಸಿಗುವುದು ಕೆಲವೇ ಎಸೆತ. ಆ ಕೆಲವು ಎಸೆತದಲ್ಲಿ ಸಿಕ್ಸರ್ ಹೊಡೆದ ಬ್ಯಾಟರ್ ಬೇಗ ಕಣ್ಣಿಗೆ ಬೀಳುತ್ತಾಳೆ. ರನ್ ಕೊಡದವಳನ್ನು ಗುರುತಿಸಲು ಇಡೀ ಸ್ಪೆಲ್ ನೋಡಬೇಕು.

2014ರ ಜನವರಿಯಲ್ಲಿ ಶ್ರೀಲಂಕಾ ಎದುರು ರಾಜೇಶ್ವರಿ ಮೊದಲ ಏಕದಿನ ಪಂದ್ಯ ಆಡಿದರು. ಅದೇ ವರ್ಷದ ನವೆಂಬರ್‌ನಲ್ಲಿ ಮೈಸೂರಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಮೊದಲ ಟೆಸ್ಟ್. ಅದೇ ನವೆಂಬರ್ 1ರಂದು ಅವರ ಊರಿನ ಅಧಿಕೃತ ಹೆಸರು ವಿಜಯಪುರ ಆಯಿತು. ಆ ವರ್ಷವೇ ತಂದೆ ಹೃದಯಾಘಾತದಿಂದ ತೀರಿಕೊಂಡರು. ಇಪ್ಪತ್ತಮೂರರ ಹುಡುಗಿಯ ಹೆಗಲಿಗೆ ಮನೆಯ ಭಾರವೂ ಬಂತು.

ಆಗ ಆಸರೆಯಾದದ್ದು ರೈಲ್ವೆ. ಮಹಿಳಾ ಆಟಗಾರರಿಗೆ ಸಂಬಳದ ಕೆಲಸ ಕೊಟ್ಟು ಆಡಲು ಬಿಟ್ಟ ಸಂಸ್ಥೆ ಅದು. 2017ರ ವಿಶ್ವಕಪ್ ತಂಡದ 15 ಮಂದಿಯಲ್ಲಿ 10 ಮಂದಿ ರೈಲ್ವೆಯವರು ಎಂದರೆ ಆ ಕಾಲದ ಮಹಿಳಾ ಕ್ರಿಕೆಟ್ ನಿಂತಿದ್ದ ನೆಲ ಯಾವುದೆಂದು ಗೊತ್ತಾಗುತ್ತದೆ. ಮಿಥಾಲಿ, ಹರ್ಮನ್‌ಪ್ರೀತ್, ವೇದಾ ಜೊತೆ ರಾಜೇಶ್ವರಿಯೂ ಆ ಹತ್ತರಲ್ಲಿ ಒಬ್ಬರು.

ಕಾರು ಬೇಡ, ಮನೆ ಬೇಕು

ಫೈನಲ್ ಸೋತರೂ ತಂಡಕ್ಕೆ ದೇಶ ಹೂಮಾಲೆ ಹಾಕಿತು. ಬಿಸಿಸಿಐ ತಲಾ 50 ಲಕ್ಷ ರೂಪಾಯಿ ಘೋಷಿಸಿತು. ಊರಿಗೆ ಬಂದ ರಾಜೇಶ್ವರಿಗೆ ಅಂದಿನ ಜಲಸಂಪನ್ಮೂಲ ಸಚಿವ, ಬಬಲೇಶ್ವರ ಕ್ಷೇತ್ರದ ಶಾಸಕ ಎಂ.ಬಿ. ಪಾಟೀಲ ಅವರು ಸುಮಾರು 5 ಲಕ್ಷ ಬೆಲೆಯ ಕಾರು ಕೊಡಲು ಮುಂದಾದರು. ಕಾರಿಗಿಂತ ಮೊದಲು ತಮ್ಮ ಕುಟುಂಬಕ್ಕೆ ಒಂದು ಮನೆ ಬೇಕು ಎಂದು ರಾಜೇಶ್ವರಿ ಹೇಳಿದರು, ಕಾರನ್ನು ಒಲ್ಲೆ ಎಂದರು. ಸುದ್ದಿ ರಾಷ್ಟ್ರೀಯ ಪತ್ರಿಕೆಗಳವರೆಗೂ ಹೋಯಿತು.

ಸನ್ಮಾನದ ವೇದಿಕೆಯಲ್ಲಿ ಕೊಟ್ಟದ್ದನ್ನು ಹಾಗೆಯೇ ತೆಗೆದುಕೊಳ್ಳುವುದು ವಾಡಿಕೆ. ಶಾಲು ಹೊದಿಸಿ, ಕೀಲಿ ಕೈಗಿತ್ತು, ಫೋಟೋ ತೆಗೆದರೆ ಎಲ್ಲರಿಗೂ ಸಲೀಸು. ಮನೆ ಕೇಳಿದ್ದರಲ್ಲಿ ಅಹಂಕಾರ ಕಂಡವರೂ ಇದ್ದರು. ನನಗೆ ಅದರಲ್ಲಿ ಕಂಡದ್ದು ಸೊಗಸಿಗಿಂತ ಮೊದಲು ಭದ್ರತೆ ನೋಡುವ, ಮನೆಯ ಭಾರ ಹೊತ್ತ ಮಗಳ ಲೆಕ್ಕ. ಕಾರು ಬೀದಿಯಲ್ಲಿ ಕಾಣುತ್ತದೆ. ತಿಂಗಳು ತಿಂಗಳು ಕೊಡಬೇಕಾಗಿ ಬಾರದ ಬಾಡಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ, ಸಂಸಾರ ನಡೆಸುವವರಿಗೆ ಮಾತ್ರ ಅದರ ತೂಕ ಗೊತ್ತು.

ಇದು ಬಬಲೇಶ್ವರ, ತಿಕೋಟಾ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ಅಲ್ಲಿನ ದ್ರಾಕ್ಷಿ ಬೆಳೆಗಾರ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದ ದಿನದಿಂದ ಮೋಡ ನೋಡುತ್ತ ಕೂರುತ್ತಾನೆ. ಮಳೆ ಹನಿದರೆ ಡೌನಿ ರೋಗ ಬರದಂತೆ ರಾತ್ರಿಯಾದರೂ ಔಷಧ ಹೊಡೆಯುತ್ತಾನೆ. ಒಣದ್ರಾಕ್ಷಿ ಮಾರುವ ದಿನ ತೂಕದ ಚೀಟಿಯಲ್ಲಿ ಬರುವುದು ಬೆಳೆದ ಮಾಲು ಮಾತ್ರ. ಹಾಳಾಗದಂತೆ ಕಾದದ್ದಕ್ಕೆ ಚೀಟಿಯಲ್ಲಿ ಜಾಗವಿಲ್ಲ. ಕಾಯದಿದ್ದರೆ ಚೀಟಿಯೇ ಇರುತ್ತಿರಲಿಲ್ಲ.

ಹರಾಜಿನ ಬೆಲೆ

ಮುಂದಿನ ವರ್ಷಗಳಲ್ಲಿ ರಾಜೇಶ್ವರಿಯ ಆಟ ಇನ್ನೂ ಮಾಗಿತು. 2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ 86 ಸಾವಿರಕ್ಕೂ ಹೆಚ್ಚು ಜನರ ಮುಂದೆ ಟಿ20 ವಿಶ್ವಕಪ್ ಫೈನಲ್ ಆಡಿದರು, ಅಲ್ಲಿಯೂ ಭಾರತಕ್ಕೆ ಸೋಲು. ಕೊರೊನಾ ಬಿಡುವಿನ ನಂತರ 2021ರ ಮಾರ್ಚ್‌ನಲ್ಲಿ ಲಖನೌದಲ್ಲಿ ದಕ್ಷಿಣ ಆಫ್ರಿಕಾ ಎದುರಿನ ಟಿ20ಯಲ್ಲಿ 4 ಓವರ್‌ಗಳಲ್ಲಿ 9 ರನ್ ಕೊಟ್ಟು 3 ವಿಕೆಟ್ ಪಡೆದರು. 2022ರ ಏಕದಿನ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅವರ ಲೆಕ್ಕ 10 ಓವರ್, 31 ರನ್, 4 ವಿಕೆಟ್. ಭಾರತ 107 ರನ್ನಿನಿಂದ ಗೆದ್ದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಿಲ್ಹೆಟ್‌ನ ಏಷ್ಯಾ ಕಪ್ ಫೈನಲ್‌ನಲ್ಲಿ ಶ್ರೀಲಂಕಾವನ್ನು 65 ರನ್ನಿಗೆ ಕಟ್ಟಿಹಾಕಿದಾಗ ಅವರ ಪಾಲು 16 ರನ್ನಿಗೆ 2 ವಿಕೆಟ್. 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್. ಭಾರತ ಹೊಡೆದದ್ದು 116 ಮಾತ್ರ, ಶ್ರೀಲಂಕಾವನ್ನು ತಡೆದದ್ದು 97ಕ್ಕೆ. ರಾಜೇಶ್ವರಿಗೆ 2 ವಿಕೆಟ್, ಕೊರಳಿಗೆ ಚಿನ್ನ. ಅದೇ ವರ್ಷದ ಡಿಸೆಂಬರ್‌ನಲ್ಲಿ ಮುಂಬೈ ವಾಂಖೆಡೆಯಲ್ಲಿ ಆಸ್ಟ್ರೇಲಿಯಾ ಎದುರು ಭಾರತದ ವನಿತೆಯರು ಮೊದಲ ಸಲ ಟೆಸ್ಟ್ ಗೆದ್ದ ತಂಡದಲ್ಲೂ ಅವರಿದ್ದರು.

ಇಷ್ಟಾದರೂ ಪೇಟೆಯ ತಕ್ಕಡಿ ಬೇರೆಯೇ ತೂಗುತ್ತದೆ. 2023ರ ಫೆಬ್ರುವರಿ 13ರಂದು ಮುಂಬೈಯಲ್ಲಿ ಮಹಿಳಾ ಪ್ರೀಮಿಯರ್ ಲೀಗ್‌ನ ಮೊದಲ ಹರಾಜು ನಡೆಯಿತು. ಬ್ಯಾಟರ್ ಸ್ಮೃತಿ ಮಂದಾನ ಅವರನ್ನು ಆರ್‌ಸಿಬಿ 3.40 ಕೋಟಿಗೆ ಕೊಂಡಿತು. ರಾಜೇಶ್ವರಿಯನ್ನು ಯುಪಿ ವಾರಿಯರ್ಸ್ ಕೊಂಡದ್ದು 40 ಲಕ್ಷಕ್ಕೆ. ರನ್ ಮಾಡುವವರಿಗೊಂದು ಬೆಲೆ, ತಡೆಯುವವರಿಗೊಂದು ಬೆಲೆ ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಅದೇ ತಂಡ ಇನ್ನೊಬ್ಬ ಎಡಗೈ ಸ್ಪಿನ್ನರ್, ಇಂಗ್ಲೆಂಡಿನ ಸೋಫಿ ಎಕಲ್‌ಸ್ಟನ್ ಅವರಿಗೆ 1.80 ಕೋಟಿ ಕೊಟ್ಟಿತು. ಎಕಲ್‌ಸ್ಟನ್ ಎತ್ತರದವರು, ಕೆಳ ಕ್ರಮಾಂಕದಲ್ಲಿ ಬ್ಯಾಟ್ ಬೀಸಿ ಸಿಕ್ಸರ್ ಹೊಡೆಯಬಲ್ಲವರು.

ಇಲ್ಲಿದೆ ತಡೆಯುವವರ ನಿಜವಾದ ಸಂಕಟ. ಈಗಿನ ಆಟ ಒಂದೇ ಕೆಲಸ ಬಲ್ಲವರನ್ನು ಸಹಿಸುವುದಿಲ್ಲ. ಹನ್ನೊಂದನೇ ಕ್ರಮಾಂಕದಲ್ಲಿ ಆಡುವ ಬೌಲರ್‌ಗೆ ಒಂದು ಕೆಟ್ಟ ಸರಣಿ ಬಂದರೆ ಕೈಹಿಡಿಯಲು ಬ್ಯಾಟಿಂಗ್ ಇಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲೂ ಇದೇ ಕತೆ. ತಡೆಯುವುದನ್ನಷ್ಟೇ ಬಲ್ಲ ಗಾರ್ಡ್ ಅನ್ನು ಎದುರು ತಂಡ ಕಾಯುವುದೇ ಇಲ್ಲ. ಹೇಗೂ ಎಸೆಯಳು ಎಂದು ಅವಳನ್ನು ಬಿಟ್ಟು ಇನ್ನೊಬ್ಬಳ ಮೇಲೆ ಇಬ್ಬರು ಮುಗಿಬೀಳುತ್ತಾರೆ. ಹಾಗಾಗಿ ತಡೆಯುವವರಿಗೂ ಮೂಲೆಯಿಂದ ಒಂದು ಎಸೆತ, ಕೊನೆಯ ಓವರಿನಲ್ಲಿ ಒಂದು ಬೌಂಡರಿ ಕೈಯಲ್ಲಿರಬೇಕು. ಇಲ್ಲದಿದ್ದರೆ ಎಷ್ಟೇ ಬಿಗಿಯಾಗಿದ್ದರೂ ಬೆಂಚು ಖಾಯಂ.

ನಡುವೆ ಒಂದು ಒಳ್ಳೆಯದೂ ಆಯಿತು. 2022ರ ಅಕ್ಟೋಬರ್‌ನಲ್ಲಿ ಬಿಸಿಸಿಐ ಪುರುಷ, ಮಹಿಳೆಯರಿಗೆ ಸಮಾನ ಪಂದ್ಯ ಶುಲ್ಕ ಘೋಷಿಸಿತು. ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ಹರಾಜಿನಲ್ಲಿ ಭೇದವಿರಬಹುದು, ಪಂದ್ಯ ಶುಲ್ಕದಲ್ಲಿ ಶತಕ ಹೊಡೆದವರಿಗೂ ಮೇಡನ್ ಎಸೆದವರಿಗೂ ಒಂದೇ ದರ.

2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ಭಾರತದ ವನಿತೆಯರು ಕೊನೆಗೂ ಏಕದಿನ ವಿಶ್ವಕಪ್ ಎತ್ತಿದರು. ಆ ತಂಡದಲ್ಲಿ ಎಡಗೈ ಸ್ಪಿನ್ನಿನ ಹೊಣೆ ಹೊತ್ತವರಲ್ಲಿ ಆಂಧ್ರದ ಕಡಪ ಜಿಲ್ಲೆಯ ಶ್ರೀಚರಣಿ ಮುಖ್ಯರು. ಬೆಂಗಳೂರು, ಮುಂಬೈಗಳಿಂದ ದೂರದ ಒಣಸೀಮೆಯ ಊರಿನಿಂದ ಬಂದ ಮತ್ತೊಬ್ಬ ಹುಡುಗಿ ರಾಜೇಶ್ವರಿ ಬಿಟ್ಟ ತುದಿಯಿಂದ ಎಸೆದಳು ಎಂದರೆ ತಪ್ಪಾಗದು.

ಹಳ್ಳಿಯ ಆಟಕ್ಕೆ ಗೊತ್ತಿರುವ ಲೆಕ್ಕ

ವಿದೇಶದಿಂದ ಬಂದ ಆಟಗಳು ಎಣಿಸಲು ಮರೆತದ್ದನ್ನು ನಮ್ಮ ಹಳ್ಳಿಯ ಆಟಗಳು ಎಂದೋ ಎಣಿಸಿವೆ. ತಿಕೋಟಾದಲ್ಲಾಗಲಿ ಬಬಲೇಶ್ವರದಲ್ಲಾಗಲಿ ಜಾತ್ರೆಯ ಕಬಡ್ಡಿ ನೋಡಿದವರಿಗೆ ಇದು ಗೊತ್ತು. ದಾಳಿಗಾರ ಒಬ್ಬರನ್ನು ಮುಟ್ಟಿ ಬಂದರೆ ಒಂದು ಅಂಕ, ಹಿಡಿದವರು ಕೆಡವಿದರೂ ಒಂದು ಅಂಕ. ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಇದ್ದು ಹಿಡಿದರೆ ಪ್ರೊ ಕಬಡ್ಡಿಯಲ್ಲಿ ಎರಡು. ಊರ ಟೂರ್ನಿಯ ಬಹುಮಾನದ ಮೇಜಿನ ಮೇಲೂ ಉತ್ತಮ ದಾಳಿಗಾರನ ಕಪ್ಪಿನ ಪಕ್ಕದಲ್ಲಿ ಉತ್ತಮ ಹಿಡಿತಗಾರನ ಕಪ್ಪು ಇರುತ್ತದೆ.

ಖೋ ಖೋ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಓಡಿ ತಪ್ಪಿಸಿಕೊಳ್ಳುವವರು ಎಷ್ಟು ನಿಮಿಷ, ಎಷ್ಟು ಸೆಕೆಂಡು ಅಂಕಣದಲ್ಲಿ ಉಳಿದರು ಎಂಬುದನ್ನು ಹೆಸರಿನ ಮುಂದೆ ಬರೆಯುತ್ತಾರೆ. ಮುಟ್ಟಿಸಿಕೊಳ್ಳದೆ ಇದ್ದದ್ದೇ ಅಲ್ಲಿ ಸಾಧನೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನ ಫೈನಲ್‌ನಲ್ಲಿ ಭಾರತದ ವನಿತೆಯರು ನೇಪಾಳವನ್ನು 78-40ರಿಂದ ಸೋಲಿಸಿದಾಗ ಎಲ್ಲರ ಬಾಯಲ್ಲಿದ್ದದ್ದು ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಹೆಸರು. ತಪ್ಪಿಸಿಕೊಳ್ಳುವುದರಲ್ಲಿ ಆಕೆ ತೋರಿದ ಚಾಣಾಕ್ಷತನಕ್ಕೆ ಸಂದ ಹೆಸರು ಅದು. ತಡೆಯುವ ಆಟವನ್ನು ನಿಯಮವೇ ಗುರುತಿಸಿದರೆ ಪ್ರೇಕ್ಷಕರ ಕಣ್ಣೂ ಅದನ್ನು ನೋಡಲು ಕಲಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವಿಜಯಪುರದಿಂದ ತಿಕೋಟಾ ಕಡೆ ಹೋಗುವಾಗ ಸಿಗುವ ತೊರವಿಯಲ್ಲಿ 2003ರಲ್ಲಿ ಹುಟ್ಟಿದ ಮಹಿಳಾ ವಿಶ್ವವಿದ್ಯಾಲಯ ಇದೆ, ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರು. ಉತ್ತರ ಕರ್ನಾಟಕದ ಅನೇಕ ಮಹಿಳಾ ಕಾಲೇಜುಗಳ ಹುಡುಗಿಯರು ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿ ಆಡುವುದು ಇದರ ಹೆಸರಿನಲ್ಲಿ. ಅಲ್ಲಿಯೂ, ಜಿಲ್ಲೆಯ ಉಳಿದ ಕಾಲೇಜುಗಳಲ್ಲಿಯೂ ಕ್ರಿಕೆಟ್ ಅಥವಾ ಬ್ಯಾಸ್ಕೆಟ್‌ಬಾಲ್ ಕೂಟ ಮುಗಿದಾಗ ಹೆಚ್ಚು ರನ್, ಹೆಚ್ಚು ವಿಕೆಟ್, ಹೆಚ್ಚು ಅಂಕ ಗಳಿಸಿದವರನ್ನು ಕರೆದು ಕಪ್ ಕೊಡುತ್ತಾರೆ. ದೈಹಿಕ ಶಿಕ್ಷಣ ನಿರ್ದೇಶಕರು ಮನಸ್ಸು ಮಾಡಿದರೆ ಸ್ಕೋರ್ ಬರೆಯುವ ವಿದ್ಯಾರ್ಥಿನಿಯ ಕೈಗೆ ಇನ್ನೊಂದು ಹಾಳೆ ಕೊಡಬಹುದು. ಕ್ರಿಕೆಟ್‌ನಲ್ಲಿ ಪ್ರತಿ ಬೌಲರ್ ಎಸೆದ ಖಾಲಿ ಎಸೆತ ಎಷ್ಟು, ಬ್ಯಾಸ್ಕೆಟ್‌ಬಾಲ್‌ನಲ್ಲಿ ಪ್ರತಿ ಗಾರ್ಡ್ ಕಾದ ಎದುರಾಳಿ ಹಾಕಿದ ಅಂಕ ಎಷ್ಟು. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ, ಪೆನ್ಸಿಲ್ ಒಂದಿದ್ದರೆ ಸಾಕು. ಎರಡು ವರ್ಷ ಹಾಗೆ ಬರೆದಿಟ್ಟರೆ ರಾಜ್ಯದ ಆಯ್ಕೆಗಾರರ ಮುಂದೆ ಇಡಲು ಜಿಲ್ಲೆಯ ಬಳಿ ಒಂದು ದಾಖಲೆ ಇರುತ್ತದೆ. ರೈಲಿಳಿದು ಹೋದ ಹುಡುಗಿಯ ಪರವಾಗಿ ಆ ಕೆಲವೇ ಎಸೆತಗಳಲ್ಲದೆ ಇಡೀ ಋತುವಿನ ಆಟ ಮಾತಾಡುತ್ತದೆ.

ರಾಜೇಶ್ವರಿ ಹದಿನೆಂಟಕ್ಕೆ ಕ್ರಿಕೆಟ್‌ಗೆ ಬಂದು, ವಿಶ್ವಕಪ್‌ನಲ್ಲಿ ಆರು ಪಂದ್ಯ ಕಾದು, ಏಳನೆಯದರಲ್ಲಿ ತಂಡವನ್ನು ದಡ ಮುಟ್ಟಿಸಿದರು. ಅಷ್ಟು ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಎಲ್ಲರ ಮನೆಯ ಪರಿಸ್ಥಿತಿಯೂ ಕಾಯಲು ಬಿಡುವುದಿಲ್ಲ. ಕಬಡ್ಡಿಯ ಹಿಡಿತಗಾರನಿಗೆ ಜಾತ್ರೆಯಲ್ಲಿ ಕೊಡುವ ಕಪ್ಪನ್ನು ಕಾಲೇಜಿನ ಗಾರ್ಡ್‌ಗೂ ಬಿಗಿ ಬೌಲರ್‌ಗೂ ಕೊಡಲು ಶುರು ಮಾಡಿದರೆ ಮುಂದಿನವಳನ್ನು ಅಷ್ಟು ಕಾಯಿಸಬೇಕಾಗುವುದಿಲ್ಲ.